ಮೀಟರಿನ ಕೆಂಪು ದೀಪ, ಅತ್ತೆಯ ಬಿಸಿನೀರು

ಕಳೆದ ಜನವರಿಯ ಮೊದಲ ವಾರ ನಮ್ಮ ಮನೆಗೆ ಬಂದ ಕರೆಂಟ್ ಬಿಲ್ಲನ್ನು ಮೊದಲು ನೋಡಿದ್ದು ನನ್ನ ಮಗಳು. ಐದನೇ ತರಗತಿಯ ಹುಡುಗಿ. ಮೀಟರ್ ಓದುವವರು ಬಂದರೆ ಮೆಟ್ಟಿಲಿಳಿದು ಗೇಟಿನವರೆಗೆ ಓಡುವುದು ಅವಳಿಗೊಂದು ಸಂಭ್ರಮ. ಅವತ್ತೂ ಓಡಿದಳು. ವಾಪಸು ಬರುವಾಗ ಮಾತ್ರ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಬಂದಳು.

"ಅಮ್ಮಾ, ಈ ಸಲ ಸೊನ್ನೆ ಇಲ್ಲ."

ನೋಡಿದರೆ 214 ಯೂನಿಟ್. ನಾನು ಒಲೆಯ ಮೇಲಿನ ಹಾಲನ್ನು ಮರೆತು ಅಲ್ಲೇ ನಿಂತೆ. ಹಾಲು ಉಕ್ಕಿತು. ಗ್ಯಾಸೂ ದಂಡ, ಹಾಲೂ ದಂಡ.

ನಮ್ಮದು ಚಿಕ್ಕಮಗಳೂರಿನಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ನಾವಿಬ್ಬರು, ಎಂಟನೇ ತರಗತಿಯ ಮಗ, ಈ ಮಗಳು, ಎಪ್ಪತ್ತಾರು ವರ್ಷದ ನಮ್ಮ ಅತ್ತೆ. 2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಶುರುವಾದಾಗಿನಿಂದ ಹೆಚ್ಚಿನ ತಿಂಗಳು ನಮಗೆ ಸೊನ್ನೆ ಬಿಲ್ಲೇ. 200 ಯೂನಿಟ್ ಉಚಿತ ಎಂದು ಎಲ್ಲರೂ ಬಾಯಿಮಾತಿಗೆ ಹೇಳುತ್ತೇವೆ. ಆದರೆ ಪ್ರತಿ ಮನೆಗೂ ಅದರದ್ದೇ ಆದ ಮಿತಿಯಿದೆ. ನಮ್ಮಂಥ ಮನೆಗಾದರೆ 2022–23ರಲ್ಲಿ ತಿಂಗಳ ಸರಾಸರಿ ಎಷ್ಟಿತ್ತೋ ಅಷ್ಟು, ಅದರ ಮೇಲೆ ಶೇ 10. ನಮ್ಮ ಸರಾಸರಿ 118, ಹಾಗಾಗಿ ಮಿತಿ ಸುಮಾರು 130. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿತೋ, ಅಷ್ಟಕ್ಕೂ ದುಡ್ಡು. ನಾವು ಹದಿನಾಲ್ಕು ಯೂನಿಟ್ಟಿಗಾಗಿ ಇನ್ನೂರ ಹದಿನಾಲ್ಕಕ್ಕೂ ತೆರಬೇಕಾಗಿ ಬಂದಿತ್ತು.

ಸಂಜೆ ಮನೆಯಲ್ಲಿ ನ್ಯಾಯಪಂಚಾಯಿತಿ ಸೇರಿತು. ಮಗಳು ಅಣ್ಣನ ಮೊಬೈಲ್ ಚಾರ್ಜರ್ ಕಡೆ ಬೊಟ್ಟು ಮಾಡಿದಳು. ಮಗ ಟಿವಿ ಕಡೆ. ನಮ್ಮವರು "ಅಡುಗೆಮನೆ ಲೈಟು ಯಾವಾಗಲೂ ಉರೀತಾನೇ ಇರುತ್ತೆ" ಎಂದರು. ನಾನು ಅವರ ಇಸ್ತ್ರಿ ಪೆಟ್ಟಿಗೆಯ ಮೇಲೆ ಹಾಕಿದೆ. ಅತ್ತೆ ಏನೂ ಹೇಳಲಿಲ್ಲ. ಕಂಬಳಿ ಹೊದ್ದು ಮೂಲೆಯಲ್ಲಿ ಕೂತು ನಮ್ಮೆಲ್ಲರ ಮುಖ ನೋಡುತ್ತಿದ್ದರು. ಆ ಮೌನವನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ.

ನಿಮಿಷಕ್ಕೆ ಎಷ್ಟು ಮಿಣುಕು?

ಜಗಳ ಬಗೆಹರಿಸಿದ್ದು ಮಗನ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಿದ್ದ ಒಂದು ಉಪಾಯ. ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆಯಲ್ಲ, ಅದು ಸುಮ್ಮನೆ ಅಲಂಕಾರಕ್ಕಲ್ಲ. ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂಬುದನ್ನು ಮೀಟರಿನ ಮೇಲೇ ಅಚ್ಚು ಹಾಕಿರುತ್ತಾರೆ. ನಮ್ಮದರಲ್ಲಿ 3200 ಎಂದಿದೆ. ಬೇರೆ ಮೀಟರುಗಳಲ್ಲಿ ಬೇರೆ ಸಂಖ್ಯೆ ಇರಬಹುದು.

ಭಾನುವಾರ ಬೆಳಿಗ್ಗೆ ಮಗ ನೋಟ್‌ಬುಕ್ ಹಿಡಿದು ಮೆಟ್ಟಿಲ ಕೆಳಗೆ ಮೀಟರಿನ ಮುಂದೆ ಕೂತ. ಮಗಳು ಮೇಲೆ ನಿಂತು ಒಂದೊಂದೇ ಸ್ವಿಚ್ ಹಾಕಿ ಕೂಗುತ್ತಿದ್ದಳು. ಉಳಿದದ್ದೆಲ್ಲ ಬಂದ್. (ಮಕ್ಕಳೇ, ನೀವೂ ಮಾಡಿ ನೋಡಿ. ದೊಡ್ಡವರೊಬ್ಬರು ಜೊತೆಗಿರಲಿ. ಮೀಟರನ್ನು ಕಣ್ಣಿನಿಂದ ನೋಡಬೇಕು ಅಷ್ಟೇ, ಮುಟ್ಟುವ ಹಾಗಿಲ್ಲ.)

ಅಡುಗೆಮನೆಯ ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ಹಾಕಿದರೆ ದೀಪ ಎರಡು ನಿಮಿಷಕ್ಕೊಮ್ಮೆ ಮಿಣುಕಿತು. ಮಗನಿಗೆ ಕಾದು ಕಾದು ಆಕಳಿಕೆ. ಟಿವಿ ಹಾಕಿದಾಗ ನಿಮಿಷಕ್ಕೆ ಮೂರು. ಫ್ರಿಜ್ಜಿನ ಮೋಟರು ಗುರ್ ಎಂದಾಗ ಆರು. ಆಮೇಲೆ ಮಗಳು "ಹೀಟರ್!" ಎಂದಳು. ಮಕ್ಕಳು ಓದುವಾಗ ಕಾಲಿನ ಬಳಿ ಇಟ್ಟುಕೊಳ್ಳಲು ನವೆಂಬರಿನಲ್ಲಿ ತಂದಿದ್ದ ರೂಮ್ ಹೀಟರ್ ಅದು. ನಿಮಿಷಕ್ಕೆ 53. ಕೊನೆಗೆ "ಗೀಸರ್!" ದೀಪ ಹುಚ್ಚು ಹಿಡಿದಂತೆ ಬಡಿದುಕೊಳ್ಳತೊಡಗಿತು. ಎಣಿಸಲು ಮೂರು ಸಲ ತಪ್ಪಿ ನಾಲ್ಕನೇ ಸಲ ಸಿಕ್ಕಿದ ಲೆಕ್ಕ 107.

ಗುಣಾಕಾರ ಮಾಡಿ ನೋಡಿ: 107ನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ ಗಂಟೆಗೆ ಎರಡು ಯೂನಿಟ್. ಗೀಸರಿನ ಮೈಮೇಲೆ ಬರೆದಿರುವ 2000 ವಾಟ್ ಅದೇ. ಅಂದರೆ ಗೀಸರ್ ಒಂದು ಗಂಟೆ ಉರಿದರೆ ತಿನ್ನುವುದನ್ನು ಆ ಬಲ್ಬು ತಿನ್ನಲು ಇನ್ನೂರಿಪ್ಪತ್ತು ಗಂಟೆ ಬೇಕು. ನಾನು ವರ್ಷಗಟ್ಟಲೆ ಮಕ್ಕಳ ಹಿಂದೆ ಓಡಾಡಿ ಲೈಟು ಆರಿಸಿದ್ದೇ ಆರಿಸಿದ್ದು. ಆನೆಯನ್ನು ಬಿಟ್ಟು ಇರುವೆಯ ಬೆನ್ನು ಹತ್ತಿದ ಕತೆ.

ಮಗಳ ಸಮಾಧಾನಕ್ಕೆ ಇದನ್ನೂ ಹೇಳಬೇಕು: ಎಲ್ಲ ಆರಿಸಿದ್ದೇವೆ ಎಂದುಕೊಂಡಾಗಲೂ ದೀಪ ಒಂದೂಕಾಲು ನಿಮಿಷಕ್ಕೊಮ್ಮೆ ಮಿಣುಕುತ್ತಿತ್ತು. ರಿಮೋಟಿನಲ್ಲಷ್ಟೇ ಆರಿಸಿದ್ದ ಟಿವಿ, ಸೆಟ್‌ಟಾಪ್ ಬಾಕ್ಸು, ಗೋಡೆಗೆ ಸಿಕ್ಕಿಸಿದ್ದ ಚಾರ್ಜರುಗಳು. ತಿಂಗಳಿಗೆ ಹತ್ತು ಹನ್ನೊಂದು ಯೂನಿಟ್ ಹಾಗೇ ಸೋರುತ್ತಿತ್ತು.

ಒಂದು ಬಕೆಟ್ ನೀರಿನ ಲೆಕ್ಕ

ಚಳಿಗಾಲದಲ್ಲಿ ನಾವು ಹೆಚ್ಚು ಸ್ನಾನ ಮಾಡುವುದಿಲ್ಲ. ಸತ್ಯ ಹೇಳಬೇಕೆಂದರೆ ಮಗ ಕಡಿಮೆಯೇ ಮಾಡುತ್ತಾನೆ. ಮತ್ತೆ ಬಿಲ್ ಏರುವುದೇಕೆ? ನಲ್ಲಿಯ ನೀರೇ ತಣ್ಣಗಿರುತ್ತದೆ, ಅದಕ್ಕೆ. ಮಗನ ಶಾಲೆಯ ಕಿಟ್ಟಿನಲ್ಲಿದ್ದ ಥರ್ಮಾಮೀಟರ್ ಅದ್ದಿ ನೋಡಿದರೆ ಬೆಳಗಿನ ಆರೂವರೆಗೆ ನೀರು 18 ಡಿಗ್ರಿ. ಸ್ನಾನಕ್ಕೆ ಹಿತವಾಗಿರಲು ಅದು 40ಕ್ಕೆ ಏರಬೇಕು. 20 ಲೀಟರಿನ ಬಕೆಟ್ಟಿಗೆ ಸುಮಾರು ಅರ್ಧ ಯೂನಿಟ್. ನಲ್ಲಿ ನೀರೇ 26 ಡಿಗ್ರಿ ಇರುವ ಬೇಸಿಗೆಯಲ್ಲಿ ಅದೇ ಬಕೆಟ್ಟಿಗೆ ಮೂರನೇ ಒಂದು ಯೂನಿಟ್ ಸಾಕು. ಸ್ನಾನ ಅದೇ, ಖರ್ಚು ಒಂದೂವರೆ ಪಟ್ಟು.

ಇದು ಬಕೆಟ್ಟಿನ ಲೆಕ್ಕ. ನಮ್ಮ ಮನೆಯಲ್ಲಿ ಷವರಿನ ಕೆಳಗೆ ಬಕೆಟ್ ಇಟ್ಟು ಗಡಿಯಾರ ನೋಡಿದೆವು. ಎರಡೂವರೆ ನಿಮಿಷಕ್ಕೆ ತುಂಬಿತು. ನಮ್ಮವರು ಚಳಿಯಲ್ಲಿ ಷವರಿನ ಕೆಳಗೆ ಹತ್ತು ನಿಮಿಷ ಹಾಡು ಹೇಳಿಕೊಂಡು ನಿಲ್ಲುವವರು. ಅಂದರೆ ನಾಲ್ಕು ಬಕೆಟ್, ಎರಡು ಯೂನಿಟ್, ಒಂದು ಹಾಡಿಗೆ! ಮಗಳು ಇದನ್ನು ಕ್ಯಾಲೆಂಡರಿನ ಹಿಂದೆ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದಳು. ಹಾಡು ನಿಲ್ಲಲಿಲ್ಲ, ಆದರೆ ಪಲ್ಲವಿಗೇ ಮುಗಿಯತೊಡಗಿತು.

ಇನ್ನೊಂದು ತಪ್ಪು ನನ್ನದೇ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರು ಸಿಗಲಿ ಎಂದು ರಾತ್ರಿಯೇ ಗೀಸರ್ ಹಾಕಿ ಮಲಗುತ್ತಿದ್ದೆ. ಕಾದ ಮೇಲೆ ಅದೇ ನಿಲ್ಲುತ್ತದಲ್ಲ ಎಂಬ ಧೈರ್ಯ. ನಿಲ್ಲುತ್ತದೆ, ನಿಜ. ಆದರೆ ಒಳಗಿನ ನೀರು ಆರುತ್ತಾ ಬಂದ ಹಾಗೆ ಮತ್ತೆ ಮತ್ತೆ ಹೊತ್ತಿಕೊಂಡು ಕಾಯಿಸುತ್ತದೆ. ನಮ್ಮ ಹಳೆಯ ಗೀಸರ್ ಒಂದು ತೊಟ್ಟು ನೀರು ಬಳಸದೆಯೂ ರಾತ್ರಿ ಬೆಳಗಾಗುವುದರಲ್ಲಿ ಸುಮಾರು ಅರ್ಧ ಯೂನಿಟ್ ಮುಗಿಸುತ್ತಿತ್ತು. ಒಂದು ಬಕೆಟ್ ನೀರಿನ ಕಾವು ಬಚ್ಚಲ ಗೋಡೆಗೆ! ಈಗ ಬೆಳಿಗ್ಗೆ ಇಪ್ಪತ್ತು ನಿಮಿಷ ಹಾಕುತ್ತೇವೆ. ಉಷ್ಣತೆಯ ಗುಂಡಿಯನ್ನು ತುದಿಯಿಂದ ಮಧ್ಯಕ್ಕೆ ತಂದಿದ್ದೇವೆ. ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುತ್ತೇವೆ. ನೀರು ಕಾಯಿಸುವ ರಾಡ್ ಬಳಸುವ ಮನೆಗಳಲ್ಲಿ ಒಂದು ಮಾತು ನೆನಪಿರಲಿ: ಸ್ವಿಚ್ ಆರಿಸಿ ಪ್ಲಗ್ ಕಿತ್ತ ನಂತರವೇ ನೀರಿಗೆ ಬೆರಳು. ಕಾದಿದೆಯೇ ಎಂದು ನೋಡಲು ಕೈ ಅದ್ದಿ ಪ್ರಾಣ ಕಳೆದುಕೊಂಡವರಿದ್ದಾರೆ.

ಅತ್ತೆಯ ಗುಟ್ಟು

ಹೀಗೆ ನಾನು ಉಳಿತಾಯದ ಸರ್ವಾಧಿಕಾರಿಯಾದೆ. ಹೀಟರ್ ಅಟ್ಟಕ್ಕೆ ಹೋಯಿತು. ಸ್ನಾನಕ್ಕೆ ಸಮಯ ಗೊತ್ತಾಯಿತು. "ಎಷ್ಟು ಸಲ ನೀರು ಕಾಯಿಸೋದು", "ಗ್ಯಾಸ್ ಮುಗಿದ್ರೆ ಯಾರು ತರ್ತಾರೆ" ಎಂದು ಯಾರಿಗೂ ಅಲ್ಲದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಗೊಣಗುವ ಅಭ್ಯಾಸ ಬೇರೆ.

ನಾಲ್ಕನೇ ದಿನ ಕಚೇರಿಯಿಂದ ಮಧ್ಯಾಹ್ನ ಬೇಗ ಬಂದೆ. ಅತ್ತೆ ಬಚ್ಚಲಿನಿಂದ ಹೊರಗೆ ಬರುತ್ತಿದ್ದರು. ತುಟಿ ನೀಲಿ. ಸೆರಗು ಹಿಡಿದ ಕೈ ಗಡಗಡ ನಡುಗುತ್ತಿತ್ತು. ಬಕೆಟ್ ಮುಟ್ಟಿ ನೋಡಿದೆ. ಐಸ್ ನೀರು.

"ಯಾಕತ್ತೆ, ಗೀಸರ್ ಕೆಟ್ಟಿದೆಯಾ?"

"ಕೆಟ್ಟಿಲ್ಲ ಮಾರಾಯ್ತಿ. ಬೆಳಿಗ್ಗೆ ನಿಮ್ಮದೆಲ್ಲ ಆದಮೇಲೆ ನನ್ನೊಬ್ಬಳಿಗೆ ಮತ್ತೆ ಯಾಕೆ ಹಾಕೋದು ಅಂತ. ನಂಗೇನು, ಅಭ್ಯಾಸ ಇದೆ."

ಅಭ್ಯಾಸ ಇರಲಿಲ್ಲ. ಮೂರು ದಿನದಿಂದ ತಣ್ಣೀರು ಸ್ನಾನ. ದಿನಕ್ಕೆ ಏಳೆಂಟು ಲೋಟ ಬಿಸಿನೀರು ಕುಡಿಯುವವರು ಅದನ್ನೂ ನಿಲ್ಲಿಸಿ ಹೂಜಿಯ ನೀರು ಕುಡಿದಿದ್ದರು. ರಾತ್ರಿ ಕೆಮ್ಮು ಶುರುವಾಯಿತು. ಎರಡು ದಿನ ಮಂಡಿ ಮಡಿಸಲಾಗಲಿಲ್ಲ. ಡಾಕ್ಟರ ಹತ್ತಿರ ಹೋಗಿ ಬಂದದ್ದರಲ್ಲಿ ಉಳಿಸಿದ ದುಡ್ಡು ಮುಗಿದು ಮೇಲೆ ಕೈಯಿಂದಲೂ ಹೋಯಿತು. ದುಡ್ಡಿನ ಮಾತು ಬಿಡಿ. ವಯಸ್ಸಾದವರ ಮೈ ಚಳಿಯನ್ನು ನಮ್ಮಂತೆ ತಡೆಯುವುದಿಲ್ಲ, ಆರಿದ ಕಾವನ್ನು ಬೇಗ ಮರಳಿ ಪಡೆಯುವುದೂ ಇಲ್ಲ ಎಂದು ಡಾಕ್ಟರು ಹೇಳುವಾಗ ನನಗೆ ತಲೆಯೆತ್ತಲಾಗಲಿಲ್ಲ. ನಾನು ಗೀಸರಿನ ಮಿಣುಕು ಎಣಿಸಿದ್ದೆ, ಮೂಲೆಯಲ್ಲಿ ಕೂತವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆ ರಾತ್ರಿ ಮನೆಯ ಕಾನೂನು ತಿದ್ದಿದೆವು. ಅತ್ತೆಯ ಬಿಸಿನೀರು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅದನ್ನು ಕೇಳಿ ಅತ್ತೆ ನಕ್ಕುಬಿಟ್ಟರು. "ಲೆಕ್ಕಕ್ಕೆ ಸೇರಿಸಿ. ಆದ್ರೆ ಲೆಕ್ಕ ನಾನು ಹೇಳ್ತೀನಿ" ಎಂದರು.

ಅವರ ತವರು ಮೂಡಿಗೆರೆ ಕಡೆಯ ತೋಟದ ಮನೆ. ಅಲ್ಲಿ ಬಚ್ಚಲ ಹಂಡೆಯ ಒಲೆಗೆ ಅಡಿಕೆ ಸೋಗೆ, ತೆಂಗಿನ ಮಟ್ಟೆ ಯಾವತ್ತೂ ಉರಿಯುತ್ತಿತ್ತಂತೆ. ಆದರೆ ಹೆಂಗಸರು ಬಟ್ಟೆ ಒಗೆಯಲು, ಎಳೆಮಕ್ಕಳ ಮೈ ತೊಳೆಯಲು ಅಂಗಳದ ಬಿಸಿಲಿನಲ್ಲಿ ನೀರಿಟ್ಟು ಕಾಯಿಸುತ್ತಿದ್ದರಂತೆ. "ಸೂರ್ಯನಿಗೆ ಯಾವ ಬಿಲ್ಲು?" ಎಂದರು ಅತ್ತೆ.

ಮರುದಿನವೇ ತಾರಸಿಯ ಮೇಲೆ ಎರಡು ಕಪ್ಪು ಬಕೆಟ್ ಬಂದವು. ಹತ್ತು ಗಂಟೆಗೆ ತುಂಬಿಸಿ ಮೇಲೆ ಗಾಜಿನ ಹಾಳೆ ಮುಚ್ಚಿ, ಗಾಳಿ ತಾಗದ ಗೋಡೆ ಬದಿಗೆ ಇಟ್ಟರೆ ಮೂರು ಗಂಟೆಗೆ ಮಗನ ಥರ್ಮಾಮೀಟರ್ 31 ತೋರಿಸಿತು. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ, ಗಾಜು ಒಳಗಿನ ಕಾವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ; ಸೋಲಾರ್ ವಾಟರ್ ಹೀಟರಿನ ಗುಟ್ಟೂ ಅದೇ. 31ರಿಂದ 40ಕ್ಕೆ ಏರಿಸಲು ಬೇಕಾದದ್ದು ಯೂನಿಟ್ಟಿನ ಐದನೇ ಒಂದು ಭಾಗ. ಅತ್ತೆಯ ಸ್ನಾನ ಬೆಳಗಿನ ಕೊರೆಯುವ ಹೊತ್ತಿನಿಂದ ಮಧ್ಯಾಹ್ನದ ಮೂರು ಗಂಟೆಗೆ ಸರಿಯಿತು. ಮಂಡಿಗೂ ಅದು ಒಗ್ಗಿತು. ಮೋಡದ ದಿನ ಗೀಸರ್ ಇದ್ದೇ ಇದೆ, ಯಾರೂ ಚಕಾರ ಎತ್ತುವಂತಿಲ್ಲ.

ರಾತ್ರಿ ಕೋಣೆಯನ್ನೆಲ್ಲ ಬಿಸಿ ಮಾಡುವ ಹೀಟರಿನ ಬದಲು ಅತ್ತೆಯ ಕಾಲ ಬಳಿಗೆ ರಬ್ಬರಿನ ಬಿಸಿನೀರ ಚೀಲ ಬಂತು. ಒಂದೂವರೆ ಲೀಟರ್ ನೀರು ಕಾಯಿಸಲು ಯೂನಿಟ್ಟಿನ ಹತ್ತನೇ ಒಂದು ಭಾಗವೂ ಬೇಡ. ಹೀಟರಾದರೆ ಎರಡು ಗಂಟೆಗೆ ಎರಡು ಯೂನಿಟ್. ಕುದಿಯುವ ನೀರು ತುಂಬಬಾರದು, ಟವೆಲ್ ಸುತ್ತಿಯೇ ಕೊಡಬೇಕು. ವಯಸ್ಸಾದವರ ಚರ್ಮ ಸುಟ್ಟದ್ದು ತಕ್ಷಣ ಗೊತ್ತಾಗುವುದಿಲ್ಲ. ಸಂಜೆ ಐದಕ್ಕೇ ಕಿಟಕಿ ಹಾಕಿ ಪರದೆ ಎಳೆಯುವ ಕೆಲಸ ಮಗಳದ್ದು. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ತೆರೆಯುವುದೂ ಅವಳದ್ದೇ.

ಅಡುಗೆಮನೆಗೆ ಬಂದರೆ

ನಮಗೆ ಒಂದು ಸಿಲಿಂಡರ್, ಅಂದರೆ 14.2 ಕಿಲೋ ಗ್ಯಾಸ್, ಮಾಮೂಲಿಗೆ ನಲವತ್ತೈದು ದಿನ ಬರುತ್ತದೆ. ಡಿಸೆಂಬರಿನಲ್ಲಿ ಮೂವತ್ತಮೂರಕ್ಕೇ ಮುಗಿದಿತ್ತು. ಪ್ರತಿ ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ಅದರಿಂದ ಗೊತ್ತಾದದ್ದು.

ನೆಲಗಡಲೆ ಬೇಯಿಸುವುದು, ಕಷಾಯ, ಸೂಪು, ಮತ್ತೆ ಮತ್ತೆ ಬಿಸಿ ಮಾಡುವ ಸಾರು, ಎಲ್ಲಕ್ಕಿಂತ ಹೆಚ್ಚಾಗಿ ಲೋಟ ಲೋಟವಾಗಿ ಕಾಯಿಸುವ ಕುಡಿಯುವ ನೀರು. ಇದಕ್ಕೊಂದು ಒಳ್ಳೆಯ ಫ್ಲಾಸ್ಕ್ ತಂದೆವು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಾಯಿಸಿ ತುಂಬಿದರೆ ಅತ್ತೆ ಯಾರನ್ನೂ ಕೇಳದೆ ಬೇಕಾದಾಗ ಬಗ್ಗಿಸಿಕೊಳ್ಳುತ್ತಾರೆ. ಹಿಂದೆ ನನ್ನನ್ನು ಕೇಳಬೇಕಿತ್ತು. ಗ್ಯಾಸಿಗಿಂತ ಹೆಚ್ಚು ಉಳಿದದ್ದು ಅದೇ ಎಂದು ನನಗನ್ನಿಸುತ್ತದೆ.

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗಿ ನೀರು ಬೇಗ ಕುದಿಯುತ್ತದೆ. ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿಯಂತೆ ಇಳಿದು ನಮ್ಮೂರಲ್ಲಿ 96ರ ಆಸುಪಾಸಿಗೇ ಕುದಿ ಬರುತ್ತದೆ. ಬೇಗ ಕುದಿಯಿತೆಂದು ಹಿಗ್ಗಬೇಡಿ. ಬೇಳೆಗೆ ಬೇಕಾದದ್ದು ಬಿಸಿ, ಗುಳ್ಳೆಯಲ್ಲ. ತೆರೆದ ಪಾತ್ರೆಯಲ್ಲಿ ಕಾಳು ಇಲ್ಲಿ ನಿಧಾನವಾಗಿ ಬೇಯುತ್ತದೆ. ಒತ್ತಡ ಹೆಚ್ಚಿಸಿ 115–120 ಡಿಗ್ರಿಗೆ ಒಯ್ಯುವ ಕುಕ್ಕರ್ ಮಲೆನಾಡಿಗೆ ಬಯಲುಸೀಮೆಗಿಂತ ಹೆಚ್ಚು ಉಪಕಾರಿ. ಅವರೆಯ ಕಾಲವಲ್ಲವೇ, ನಮ್ಮಲ್ಲಿ ವಾರಕ್ಕೆ ಮೂರು ಸಲ ಅವರೆಕಾಳು. ಒಣಕಾಳಾದರೆ ರಾತ್ರಿಯೇ ನೆನೆಹಾಕಬೇಕು. ಮೊದಲ ಕೂಗಿನ ನಂತರ ಉರಿ ಸಣ್ಣ. ಕುಕ್ಕರ್ ಕೂಗಿಕೊಂಡಷ್ಟೂ ಆವಿಯ ಜೊತೆ ಗ್ಯಾಸೂ ಹೊರಗೆ ಹೋಗುತ್ತಿರುತ್ತದೆ. ಅನ್ನವನ್ನು ಅತ್ತೆ ತಮ್ಮ ಹಳೆಯ ಕ್ರಮದಲ್ಲಿ ಮಾಡಿ ತೋರಿಸಿದರು. ಐದಾರು ನಿಮಿಷ ಕುದಿಸಿ, ಬಿಗಿಯಾಗಿ ಮುಚ್ಚಿ ಒಲೆ ಆರಿಸಿ, ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಅರ್ಧ ಗಂಟೆ ಇಟ್ಟರು. ಉದುರುದುರಾಗಿ ಬೆಂದಿತ್ತು.

"ಕಂಬಳಿ ಬಿಸಿ ಕೊಡುತ್ತಾ?" ಎಂದು ಮಗಳ ಪ್ರಶ್ನೆ. ಕೊಡುವುದಿಲ್ಲ ಪುಟ್ಟಿ, ಇದ್ದ ಬಿಸಿಯನ್ನು ಕಾಯುತ್ತದೆ. ಅದಕ್ಕೇ ಇಡ್ಲಿ ಹಿಟ್ಟನ್ನು ತಣ್ಣೀರಿನಲ್ಲಿ ರುಬ್ಬಿ ಕಂಬಳಿ ಸುತ್ತಿದರೆ ಅದು ತಣ್ಣಗೇ ಇರುತ್ತದೆ, ಹುದುಗುವುದಿಲ್ಲ. ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ ಸುತ್ತಿದ ದಿನ ಬೆಳಗಾಗುವಾಗ ಹಿಟ್ಟು ಪಾತ್ರೆಯ ಅಂಚಿಗೆ ಬಂದಿತ್ತು.

ಚಳಿಯಲ್ಲಿ ಸಿಲಿಂಡರ್ ಮುಗಿಯುವ ಹೊತ್ತಿಗೆ ಉರಿ ಕುಗ್ಗುವುದುಂಟು. ಒಳಗೆ ದ್ರವವಾಗಿರುವ ಗ್ಯಾಸ್ ತಂಪಿಗೆ ಸರಿಯಾಗಿ ಆವಿಯಾಗುವುದಿಲ್ಲ. ಅದನ್ನು ಮಲಗಿಸುವುದು, ಬಿಸಿನೀರಿನಲ್ಲಿ ನಿಲ್ಲಿಸುವುದು ಬೇಡವೇ ಬೇಡ. ಬರ್ನರಿನ ತೂತು ಉಜ್ಜಿ ನೋಡಿ. ಉರಿ ಹಳದಿಯಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ ಎಂದರ್ಥ, ನೀಲಿ ಇರಬೇಕು.

ಒಂದು ಉಳಿತಾಯ ಮಾತ್ರ ಬೇಡ

ಈ ನಡುವೆ ನಮ್ಮವರು "ಕರೆಂಟ್ ಗೀಸರ್ ತೆಗೆದು ಗ್ಯಾಸ್ ಗೀಸರ್ ಹಾಕಿಸೋಣ" ಎಂದಿದ್ದರು. ನಾನು ಖಡಾಖಂಡಿತ ಬೇಡ ಎಂದೆ. ಕಾರಣವಿದೆ. ಐದು ವರ್ಷದ ಹಿಂದೆ ನಾವಿದ್ದ ಮನೆಯಲ್ಲಿ ಬಚ್ಚಲೊಳಗೇ ಗ್ಯಾಸ್ ಗೀಸರ್ ಇತ್ತು. ಚಳಿ ಎಂದು ಮೇಲಿನ ಸಣ್ಣ ಕಿಟಕಿಗೆ ರಟ್ಟು ಹೊಡೆದಿದ್ದೆವು. ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದ ಮಗ ಕರೆದರೆ ಮಾತಾಡಲಿಲ್ಲ. ಬಾಗಿಲಿನ ಚಿಲಕ ಸಡಿಲವಿದ್ದದ್ದು ಪುಣ್ಯ. ನೆಲಕ್ಕೆ ಕುಸಿದು ಕೂತಿದ್ದ, ತಲೆ ಸಿಡಿಯುತ್ತಿದೆ ಎಂದಷ್ಟೇ ಹೇಳಿದ. ಹೊರಗಿನ ಗಾಳಿಗೆ ಎಳೆದು ತಂದು ಆಸ್ಪತ್ರೆಗೆ ಓಡಿದೆವು. ಬದುಕಿದ.

ಮುಚ್ಚಿದ ಜಾಗದಲ್ಲಿ ಬೆಂಕಿ ಉರಿದರೆ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಗೊತ್ತಾಗಲೆಂದು ಗ್ಯಾಸಿಗೆ ಬೆರೆಸುವ ವಾಸನೆ ಇಲ್ಲಿ ಎಚ್ಚರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ನಿದ್ದೆ ಬಂದಂತಾಗುತ್ತದೆ, ಅಷ್ಟೇ. ಗ್ಯಾಸ್ ಗೀಸರ್ ಇರುವವರು ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ, ನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಇದ್ದಿಲ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯೊಳಗಿಟ್ಟು ಬಾಗಿಲು ಹಾಕುವುದೂ ಇಷ್ಟೇ ಅಪಾಯ. ಕಿಟಕಿಯ ಸಂದಿಯಿಂದ ಬರುವ ಆ ಚಳಿಗಾಳಿ ಬೇಕು.

ಫೆಬ್ರುವರಿಯಲ್ಲಿ ಮೀಟರ್ ಓದುವವರು ಬಂದಾಗ ಮನೆಮಂದಿಯೆಲ್ಲ ಗೇಟಿನ ಬಳಿ ಇದ್ದೆವು. ಅವರಿಗೆ ಗಾಬರಿಯಾಗಿರಬೇಕು. 163 ಯೂನಿಟ್. ಸೊನ್ನೆಯಲ್ಲ, ಮಿತಿ ಮೀರಿದ ಮೂವತ್ತಮೂರಕ್ಕೆ ದುಡ್ಡು ಕಟ್ಟಿದೆವು. ಸಿಲಿಂಡರ್ ನಲವತ್ತೊಂದು ದಿನ ಬಂತು. ತಾರಸಿಗೆ ಸೋಲಾರ್ ಹಾಕಿಸಿಕೊಡಿ ಎಂದು ಮನೆ ಮಾಲೀಕರನ್ನು ಕೇಳಿದ್ದೇವೆ. "ನೋಡೋಣ" ಎಂದಿದ್ದಾರೆ.

"ಅಷ್ಟೇನಾ ಇಳಿದಿದ್ದು?" ಎಂದು ಮಗಳಿಗೆ ಬೇಸರ. ಯಾವ ಯೂನಿಟ್ ಎಲ್ಲಿ ಹೋಯಿತೆಂದು ಮಗ ನೋಟ್‌ಬುಕ್ ಬಿಡಿಸಿ ಕೂತ. ಅತ್ತೆ ಅಷ್ಟರಲ್ಲಿ ಮೆಟ್ಟಿಲು ಹತ್ತಿ ಹೊರಟಿದ್ದರು, ಹನ್ನೊಂದಾಗುತ್ತಾ ಬಂದಿತ್ತು, ಬಕೆಟ್ ಇನ್ನೂ ನೆರಳಿನಲ್ಲೇ ಇತ್ತು.